ಏಳು ರೂಪಾಯಿ ಬಾಕಿ

ಎಣ್ಣೆ ಗಾಣದ ಮೇಲಿನ ಮಹಡಿ,
ಮೆಟ್ಟಿಲಿಗೂ ಶೇಂಗಾ ವಾಸನೆ.
ಹದಿನಾರು ಮೆಟ್ಟಿಲು.
ಎಣಿಸುವುದು ನನ್ನ ಕಸುಬು:
ತಲೆ, ಟಿಕೆಟ್ಟು, ನೋಟು, ಸ್ಟಾಪು.
ಚಪ್ಪಲಿ ಹೊರಗೆ ಬಿಟ್ಟು
ಜಮಖಾನದ ಮೇಲೆ ಕೂತೆ,
ಬಾಗಿಲಿಗೆ ಬೆನ್ನು ಕೊಡದೆ.

"ನಡೆದದ್ದು ಹೇಳೋದು ಬೇಡ ಪಾಲಾಕ್ಷಮ್ಮ,
ಈಗ ಪಾದ ಎಲ್ಲಿದೆ, ಅದು ಹೇಳಿ"
ಅಂದರು ಜಬೀನ್ ಮೇಡಂ.
ನಗು ಬಂತು. ಪಾದ ಎಲ್ಲಿರುತ್ತೆ?
ಬಗ್ಗಿ ನೋಡಿದೆ. ಇತ್ತು.
ನೋಡದಿದ್ದರೆ ಇರಲಿಲ್ಲ.
ಮಂಡಿಯಿಂದ ಕೆಳಕ್ಕೆ
ಹನ್ನೊಂದು ತಿಂಗಳಿಂದ ಯಾರದೋ ಕಾಲು.

ಹೇಳುವುದನ್ನು ಎಷ್ಟು ಸಲ ಹೇಳಿಲ್ಲ ನಾನು,
ಠಾಣೆಯಲ್ಲಿ, ಡಿಪೋದಲ್ಲಿ, ವಕೀಲರೆದುರು,
ನೋಡಲು ಬಂದ ನೆಂಟರಿಗೆ ಟೀ ಕೊಡುತ್ತ.
ಮಾತು ಸವೆದು ಸವೆದು
ಹಳೇ ಎಂಟಾಣೆಯಂತಾಯಿತು, ಚಲಾವಣೆಯಿಲ್ಲ.
ಎಲ್ಲರದೂ ಒಂದೇ ಬುದ್ಧಿವಾದ:
ಹೊಟ್ಟೆಗೆ ಹಾಕ್ಕೋ ತಾಯಿ. ಎದೆ ಗಟ್ಟಿ ಮಾಡ್ಕೋ.
ಹಾಕಿಕೊಂಡೆ. ಮಾಡಿಕೊಂಡೆ.
ಈಗ ಹೊಟ್ಟೆಯಲ್ಲೊಂದು ಬಸ್ಸು ಅಡ್ಡ ಬಿದ್ದಿದೆ,
ಉಸಿರು ಫುಟ್‌ಬೋರ್ಡಿನ ಮೇಲೇ ನಿಂತು
ಒಳಗೆ ಬಾ ಅಂದರೆ ಬರದು.
ಸೀಟಿ ಊದಿದರೆ ಬರೀ ಗಾಳಿ.

"ಬಲಗೈ ಏನು ಮಾಡ್ತಿದೆ?"
ಆಗ ಕಂಡೆ, ಮುಷ್ಟಿ.
ಅನ್ನ ಕಲಸುವಾಗ ಬಿಚ್ಚುತ್ತೆ,
ಮಗಳ ಜಡೆ ಹೆಣೆಯುವಾಗ ಬಿಚ್ಚುತ್ತೆ,
ನನ್ನ ಕಣ್ಣು ತಪ್ಪಿದ್ದೇ ಮತ್ತೆ ಮುಚ್ಚುತ್ತೆ.
ಬೆಳಗ್ಗೆ ಎದ್ದರೆ ಅಂಗೈಯಲ್ಲಿ
ನಾಲ್ಕು ಉಗುರಿನ ಗುರುತು.
"ಬಿಚ್ಚೋದು ಬೇಡ. ಇನ್ನೂ ಗಟ್ಟಿ ಹಿಡೀರಿ.
ಅದಕ್ಕೇನು ಬೇಕಂತೆ, ಕೇಳಿ."

ಕೈಯನ್ನು ಏನಂತ ಕೇಳುವುದು?
ಕಿಟಕಿಯಾಚೆ ಕೋಟೆಯ ಬೆಟ್ಟ,
ಬಿದ್ದೇಬಿಟ್ಟಿತು ಅನ್ನುವ ಭಂಗಿಯಲ್ಲೇ
ನಿಂತುಬಿಟ್ಟ ಒಂದು ಗುಂಡು.
ಕೆಳಗೆ ಗಾಣ ಶುರುವಾಯಿತು,
ನೆಲ ಎಂಜಿನ್ನಿನ ಹಾಗೆ ಗುಂಯ್‌ಗುಟ್ಟಿತು.
ಮೊಣಕೈಗೆ ಬಂತು ಮೊದಲು, ಆಮೇಲೆ ಭುಜಕ್ಕೆ,
ನಾನಲ್ಲ, ಕೈಯೇ ಅಂದಿತು:
ಚಿಲ್ಲರೆ.

ಕಿಟಕಿ ಸೀಟು. ಟವೆಲ್ಲು ಹೊದ್ದ ಮುದುಕ,
ಮಡಿಲಲ್ಲಿ ಕುರಿಮರಿಯ ಔಷಧಿ ಬಾಟ್ಲಿ.
ಚಳ್ಳಕೆರೆ ಒಂದು.
"ಚಿಲ್ಲರೆ ಇಲ್ಲ ಯಜಮಾನ್ರೇ, ಇಳಿಯೋವಾಗ ಕೊಡ್ತೀನಿ."
ಟಿಕೆಟ್ಟಿನ ಬೆನ್ನಿಗೆ ಏಳು ಬರೆದು ಸುತ್ತು ಹಾಕಿದೆ.
ಹಿಂದಿನ ಸೀಟಿನ ಕಾಲೇಜು ಹುಡುಗ ಬಿಡಿಕಾಸು ಕೊಟ್ಟ,
ಐದರದೊಂದು, ಎರಡರದೊಂದು.
ಹಿಡಿದು ತಿರುಗಿದೆ.
ನಾನು ತಿರುಗಿದಾಗಲೇ ರಸ್ತೆಯೂ ತಿರುಗಿತು.

ಅವರು ಇಳಿಯಲಿಲ್ಲ. ಇಳಿಸಿದರು.

ಎಫ್‌ಐಆರಿನಲ್ಲಿ
ಏಳು ರೂಪಾಯಿಗೆ ಕಾಲಮ್ಮಿಲ್ಲ.

ಆಮೇಲೆ ನಡುಕ, ತೊಡೆಯಿಂದ ದವಡೆಯವರೆಗೆ.
ಹಿಡಿಯಹೋದೆ. "ಬಿಡಿ, ಬರಲಿ."
ತೋಳದ ಬಾಯಿಂದ ಬಿಡಿಸಿದ ಆಡು
ಹೀಗೇ ನಡುಗಿತ್ತು ನಮ್ಮ ಹಟ್ಟಿಯ ಮುಂದೆ;
ಅಪ್ಪಿಕೊಳ್ಳಲು ಓಡಿದ ನನ್ನನ್ನು
ಅಜ್ಜಿ ರಟ್ಟೆ ಹಿಡಿದು ನಿಲ್ಲಿಸಿದ್ದಳು:
ಮುಟ್ಟಬ್ಯಾಡ, ಅದು ಹೆದರಿಕೆ ಒದರಿಕೊಳ್ತೈತೆ.
ಒದರಿತು, ಒಂದು ಸಲ ಸೀನಿತು,
ಬೇಲಿಯ ಸೊಪ್ಪಿಗೆ ಬಾಯಿ ಹಾಕಿತು.

ನಾನು ಸೀನಲಿಲ್ಲ.
ಬೆವೆತೆ. ಆಕಳಿಕೆ ಬಂತು, ಒಂದರ ಹಿಂದೊಂದು,
ಇಷ್ಟು ದೊಡ್ಡ ಹೆಂಗಸು ಅಂತ ನಾಚಿಕೆಯಾಯಿತು.
ಮೇಡಂ ನೀರು ಕೊಟ್ಟು ಗಡಿಯಾರ ನೋಡಿದರು.
ಇವತ್ತಿಗೆ ಇಷ್ಟು.

ಇಳಿದೆ. ಹದಿನೈದೇ ಮೆಟ್ಟಿಲು.
ಎಲ್ಲೋ ಒಂದು ಎಣಿಸಲು ಮರೆತಿರಬೇಕು.
ಸಂತೇಪೇಟೆಯಲ್ಲಿ ಕೊತ್ತಂಬರಿ ಕೊಂಡೆ,
"ಚಿಲ್ಲರೆ ಇಲ್ಲಕ್ಕ, ನಾಳೆ ಬಂದಾಗ ತಗೊಳ್ಳಿ" ಅಂದ ಹುಡುಗ.
ಆಯ್ತಪ್ಪ ಅಂದೆ.
ಚಾಚಿದ ಅಂಗೈ ಚಾಚಿಯೇ ಇತ್ತು,
ಮಧ್ಯಾಹ್ನದ ಬಿಸಿಗಾಳಿ ಅದರ ಮೇಲೆ ಹಾದುಹೋಯಿತು.

ಬಸ್ಸು ಹತ್ತಲಿಲ್ಲ. ಮನೆಗೆ ನಡೆದೆ.
ಆ ಯಜಮಾನರ ಊರು ಗೊತ್ತು,
ಹೆಂಡತಿ ಇದ್ದಾರೆ, ಕುರಿಗಳಿವೆ ಅಂತಲೂ ಗೊತ್ತು.
ಇನ್ನೂ ಹೋಗಿಲ್ಲ.